ಜಾಝ್ ಎಲ್‌ಪಿ: ಯಾವ ರೀಇಶ್ಯೂ (ಮರುಬಿಡುಗಡಿ) ಖರೇ, ಯಾವುದು ಬರೇ ಸ್ಟಿಕ್ಕರ್? ನಮ್ಮ ಕಡಿ ಬಿಸಿಲಿಗೆ ತಡೀತಾವಾ?

ತೊಗರಿ_ಟೆನರ್ (ಕಲಬುರಗಿ)
ನಮಸ್ಕಾರ್ರಿ ಎಲ್ಲರಿಗೂ. ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಅದ, ಎಟಿ-ವಿಎಂ95ಇ ಕಾರ್ಟ್ರಿಜ್ (ಸೂಜಿ ಇರೋ ಭಾಗ) ಅದ, ಆಂಪ್ಲಿಫೈಯರ್, ಸ್ಪೀಕರ್ ಎಲ್ಲಾ ಕೂಡ್ಯಾದ. ಈಗ ಐದೇ ಜಾಝ್ ಎಲ್‌ಪಿ ತರಸೋದು, ಆದ್ರ ಛಲೋವೇ ತರಸೋದು. ಪಟ್ಟಿ ಹಿಂಗದ: ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ', ಕೋಲ್ಟ್ರೇನ್ 'ಎ ಲವ್ ಸುಪ್ರೀಮ್', ಹ್ಯಾಂಕ್ ಮೋಬ್ಲಿ 'ಸೋಲ್ ಸ್ಟೇಷನ್', ಸೋನಿ ರಾಲಿನ್ಸ್ 'ಸ್ಯಾಕ್ಸೊಫೋನ್ ಕೊಲೋಸಸ್', ಬಿಲ್ ಇವಾನ್ಸ್ 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್'.

ತೊಡಕು ಏನಂದ್ರ, ಒಂದೊಂದು ಆಲ್ಬಮ್ಮಿಗೂ ಹತ್ತ್ ಥರದ ಪ್ರತಿ ಮಾರ್ಲತ್ಯಾರ. ಒಂದ್ರ ಮ್ಯಾಲ '180 ಗ್ರಾಂ ಆಡಿಯೊಫೈಲ್' ಸ್ಟಿಕ್ಕರ್, ಬೆಲೆ ಅಗ್ಗ. ಇನ್ನೊಂದ್ರ ಮ್ಯಾಲ 'ಟೋನ್ ಪೊಯೆಟ್' ಅಂತ, ಬೆಲೆ ಎಷ್ಟೋ ಪಟ್ಟು. ಫರಕ್ ಏನ್ರಿ? ಎರಡನೇ ಪ್ರಶ್ನೆ: ಮೇ ತಿಂಗಳದಾಗ ಇಲ್ಲಿ 43 ಡಿಗ್ರಿ, ಖೋಲಿ ಮ್ಯಾಲಿನ ಮಹಡಿದು. ಎಲ್‌ಪಿ ಸೊಟ್ಟ ಆಗ್ದಂಗ ಹ್ಯಾಂಗ ಇಡ್ಬೇಕು?

ಭೀಮಾ_ತೀರ (ಯಾದಗಿರಿ)
ಸಿಡಿ ತಗೋರಿ. ಸೊಟ್ಟನೂ ಆಗಲ್ಲ, ರೊಕ್ಕನೂ ಉಳೀತದ.

ಬಹಮನಿ_ಬಾಸ್ (ಕಲಬುರಗಿ)
ಬಂದ್ರಪ್ಪಾ ಸಿಡಿ ಕಾಕಾ. ಇವರಿಗಿ ಆಮ್ಯಾಲ ಉತ್ತರ ಕೊಡೋಣು.

ತಮ್ಮಾ, 'ಕೈಂಡ್ ಆಫ್ ಬ್ಲೂ' ತಗೋಬೇಕಾದ್ರ ಗ್ರಾಂ ನೋಡಬ್ಯಾಡ, ಸ್ಪೀಡ್ ನೋಡು. 1959ರ ಮಾರ್ಚ್ 2ಕ್ಕ ನ್ಯೂಯಾರ್ಕಿನ ಕೊಲಂಬಿಯಾ 30ನೇ ಬೀದಿ ಸ್ಟುಡಿಯೋದಾಗ ಮೊದಲನೇ ಬೈಠಕ್ ಆಯ್ತು. ಅವತ್ತು ಮುಖ್ಯ ಟೇಪ್ ಮಷೀನ್ ಜರಾ ನಿಧಾನ ಓಡ್ತಿತ್ತು. ನಿಧಾನ ಓಡೋ ಮಷೀನಿನಾಗ ತುಂಬಿದ್ದು ಸರಿ ಸ್ಪೀಡಿನಾಗ ಬಾರ್ಸಿದ್ರ ಶ್ರುತಿ ಏರ್ತದ. ಹಿಂಗಾಗಿ ಮೊದಲ ಬದಿಯ ಮೂರೂ ('ಸೋ ವಾಟ್', 'ಫ್ರೆಡಿ ಫ್ರೀಲೋಡರ್', 'ಬ್ಲೂ ಇನ್ ಗ್ರೀನ್') ಮೂವತ್ತು ವರ್ಷದ ಮ್ಯಾಲ ಏರು ಶ್ರುತಿಯಾಗೇ ಮಾರಾಟ ಆದ್ವು. ಎರಡನೇ ಬದಿ ಏಪ್ರಿಲ್ 22ರದು, ಅದು ಸರಿ ಅದ. 1990ರ ದಶಕದಾಗ, ಅವತ್ತೇ ಬಾಜೂಕ ಓಡಿದ್ದ ಎರಡನೇ ಮಷೀನಿನ ಟೇಪ್ ತಗದು ದುರಸ್ತಿ ಮಾಡಿದ್ರು. ಅದಕ್ಕೂ ಮೊದಲಿನ ಪ್ರತಿ ಸಿಕ್ರ ಮೊದಲ ಬದಿ ಏರು ಶ್ರುತಿದೇ ಅಂತ ತಿಳ್ಕೊಂಡು ತಗೋ.

ಪರೀಕ್ಷಾ ಹಿಂಗ ಮಾಡು. 'ಸೋ ವಾಟ್' ಡಿ ಡೋರಿಯನ್ ಸ್ವರಶ್ರೇಣಿದು, ಅಂದ್ರ ಪೆಟ್ಟಿಗಿ (ಹಾರ್ಮೋನಿಯಂ) ಲೆಕ್ಕದಾಗ ಬಿಳಿ ಎರಡರ ಕಾಫಿ ಥಾಟ್. ಮೊದಲ 16 ಬಾರ್ ಬಿಳಿ ಎರಡು, ಮುಂದ 8 ಬಾರ್ ಕರಿ ಎರಡು, ತಿರುಗಿ 8 ಬಾರ್ ಬಿಳಿ ಎರಡು. ಪೌಲ್ ಚೇಂಬರ್ಸ್ ಬಾಸ್ ಶುರು ಆದ ಕೂಡ್ಲೆ ಸಾ ಹಿಡಿ. ಬಿಳಿ ಎರಡಕ್ಕ ಕೂತ್ರ ದುರಸ್ತಿ ಆದ ಪ್ರತಿ. ಬಿಳಿಗೂ ಕರಿಗೂ ನಡುವ ತೂಗಾಡಿದ್ರ ಹಳೇದು.

ಗುಂಪಾ_ಗುರು (ಬೀದರ್)
ಪೆಟ್ಟಿಗೆಯನ್ನು ನಂಬಬೇಡಿ. ನಮ್ಮ ಕಡೆಯ ಎಷ್ಟೋ ಹಾರ್ಮೋನಿಯಂಗಳು 440 ಹರ್ಟ್ಸ್ ಶ್ರುತಿಗೆ ಕೂಡಿಸಿದವಲ್ಲ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇಟ್ಟುಕೊಳ್ಳಿ.

ಅದಕ್ಕೂ ಮೊದಲು ನಿಮ್ಮ ಟರ್ನ್‌ಟೇಬಲ್ಲೇ ಸರಿಯಾಗಿ ತಿರುಗುತ್ತಿದೆಯೋ ನೋಡಬೇಕು. ಸ್ಟ್ರೋಬ್ ಚಕ್ರ (ಸ್ಪೀಡ್ ನೋಡುವ ಗೆರೆಗಳ ಕಾಗದ) ಮುದ್ರಿಸಿಕೊಂಡು ಪ್ಲ್ಯಾಟರ್, ಅಂದರೆ ತಿರುಗುವ ತಟ್ಟೆ, ಮೇಲೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ನಿಮಿಷಕ್ಕೆ 33⅓ ಸುತ್ತಿಗೆ 180 ಗೆರೆಗಳ ಚಕ್ರವೇ ಬೇಕು. ಅಮೆರಿಕದವರು ಹಾಕಿರುವ 216 ಗೆರೆಯದು ಇಲ್ಲಿ ಸುಳ್ಳು ಹೇಳುತ್ತದೆ. ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಬಹಳ ಸಲ ಗೆರೆಗಳು ಕಾಣುವುದೇ ಇಲ್ಲ, ಏಕೆಂದರೆ ಅದರ ಒಳಗಿನ ಡ್ರೈವರ್ ಮಿನುಗನ್ನು ನುಂಗಿಬಿಡುತ್ತದೆ. ಹಳೆಯ ತಂತಿ ಬಲ್ಬ್ ಹಚ್ಚಿ. ಗೆರೆ ನಿಂತಂತೆ ಕಂಡರೆ ಸ್ಪೀಡ್ ಸರಿ. ತಿರುಗುವ ದಿಕ್ಕಿಗೇ ಸರಿದರೆ ಜಾಸ್ತಿ, ಹಿಂದಕ್ಕೆ ಸರಿದರೆ ಕಮ್ಮಿ.

ಭೀಮಾ_ತೀರ (ಯಾದಗಿರಿ)
ಒಂದು ಹಾಡು ಕೇಳ್ಲಿಕ್ಕ ತಂತಿ ಬಲ್ಬ್, 180 ಗೆರಿ, ಶ್ರುತಿ ಆ್ಯಪ್. 1997ರ ಸಿಡಿ ಹಾಕಿದ್ರ ಮುಗೀತು, ದುರಸ್ತಿ ಆಗೇ ಬಂದದ.

ಶಾಬಾದ್_ಫರ್ಸಿ (ಶಹಾಬಾದ್)
ಖರೇ ಹೇಳ್ಬೇಕಂದ್ರ ಕಾಕಾನ ಮಾತಿನಾಗ ದಮ್ ಅದ. ಆದ್ರ ಇದು ಎಲ್‌ಪಿ ಚರ್ಚಾ, ಹಿಂಗಾಗಿ ಮುಂದಕ್ಕ ಹೋಗೋಣು.

180 ಗ್ರಾಂ ಅಂಬೋದು ಪ್ಲಾಸ್ಟಿಕ್ಕಿನ ತೂಕ. ಧ್ವನಿ ತೂಕದಿಂದ ಬರಲ್ಲ. ಯಾವ ಟೇಪಿನಿಂದ ತಗದ್ರು, ಯಾರು ಕತ್ತರಿಸಿದ್ರು (ಟೇಪಿನ ಧ್ವನಿಯ ಗೆರಿ, ಅಂದ್ರ ಗ್ರೂವ್, ಮೂಲ ತಟ್ಟಿಗೆ ಕೊರೆಯೋದು), ಎಲ್ಲಿ ಒತ್ತಿದ್ರು (ಅಚ್ಚಿನಿಂದ ಪ್ರತಿ ತಗಿಯೋದು), ಇವು ಮೂರು ಕೇಳ್ರಿ. ಬ್ಲೂ ನೋಟ್ ಲೇಬಲ್ಲಿನ ಟೋನ್ ಪೊಯೆಟ್ ಸರಣಿ 2019ಕ್ಕ ಶುರು ಆಯ್ತು: ಜೋ ಹಾರ್ಲಿ ಉಸ್ತುವಾರಿ, ಕೆವಿನ್ ಗ್ರೇ ಮೂಲ ಮಾಸ್ಟರ್ ಟೇಪಿನಿಂದ ಪೂರಾ ಅನಲಾಗ್ ಕತ್ತರಿಸ್ತಾನ, ಕ್ಯಾಲಿಫೋರ್ನಿಯಾದ ಆರ್‌ಟಿಐ ಕಾರ್ಖಾನ್ಯಾಗ ಒತ್ತತಾರ, ದಪ್ಪ ರಟ್ಟಿನ ಮಡಚೋ ಜಾಕೆಟ್. ಬ್ಲೂ ನೋಟ್‌ದವರದ್ದೇ 'ಕ್ಲಾಸಿಕ್ ವಿನೈಲ್' ಸರಣಿ ಅದ. ಕೆವಿನ್ ಗ್ರೇನೇ ಕತ್ತರಿಸೋದು, ಹೆಚ್ಚಿನವು ಅನಲಾಗೇ, ಒತ್ತೋದು ಮಾತ್ರ ಜರ್ಮನಿ ಆಪ್ಟಿಮಲ್‌ದಾಗ, ಜಾಕೆಟ್ ಸಾದಾ. ಬೆಲೆ ಎಷ್ಟೋ ಕಮ್ಮಿ. ಧ್ವನಿಯಾಗ ಅಷ್ಟು ಫರಕ್ ಇಲ್ರಿ, ಜಾಕೆಟ್ ಪ್ರೇಮಿಗಳು ಬೈದ್ರೂ ಬೈಲಿ. ಯಾವುದೇ ಬ್ಲೂ ನೋಟ್ ಇರ್ಲಿ ('ಸೋಲ್ ಸ್ಟೇಷನ್' ಅವರದೇ), ಕ್ಲಾಸಿಕ್‌ದಾಗ ಸಿಕ್ರ ಅದೇ ತಗೋರಿ.

ನಿಮ್ಮ ಪಟ್ಟಿಯ ರಾಲಿನ್ಸ್‌ದು ಪ್ರೆಸ್ಟೀಜ್ ಲೇಬಲ್ಲು, ಇವಾನ್ಸ್‌ದು ರಿವರ್‌ಸೈಡ್. ಇವು 1980ರ ದಶಕದಿಂದ ಒರಿಜಿನಲ್ ಜಾಝ್ ಕ್ಲಾಸಿಕ್ಸ್, ಅಂದ್ರ ಒಜೆಸಿ, ಹೆಸರಿನಾಗ ಬಂದ್ವು. 2023ಕ್ಕ ಕ್ರಾಫ್ಟ್ ಕಂಪನಿದವರು ಒಜೆಸಿ ಸರಣಿ ತಿರುಗಿ ತಂದ್ರು, ಅದೂ ಕೆವಿನ್ ಗ್ರೇ, ಅದೂ ಆರ್‌ಟಿಐ. ಹಳೇ ಒಜೆಸಿ ಸೆಕೆಂಡ್ ಹ್ಯಾಂಡ್ ಸಿಕ್ರೂ ಬಿಡಬ್ಯಾಡ್ರಿ.

'ಸ್ಯಾಕ್ಸೊಫೋನ್ ಕೊಲೋಸಸ್' 1956ರ ಜೂನ್ 22ರ ಮೊನೊ ರೆಕಾರ್ಡಿಂಗು. ಅದರ ಮ್ಯಾಲ 'ಸ್ಟೀರಿಯೊ' ಅಂತ ಬರೆದದ್ದು ಕಂಡ್ರ ಅಲ್ಲೇ ಬಿಡ್ರಿ. ಮೊನೊವನ್ನೇ ಸೀಳಿ ಎರಡು ಕಡಿ ಹಂಚಿದ ಖೊಟ್ಟಿ ಸ್ಟೀರಿಯೊ ಅದು. ಮ್ಯಾಕ್ಸ್ ರೋಚ್‌ನ ಸಿಂಬಲ್ ಒಂದ್ ಕಡಿ ತೇಲ್ತದ, ಸ್ಯಾಕ್ಸಿನ ದಮ್ಮೇ ಹೋಗ್ತದ.

ಜಗತ್_ಸರ್ಕಲ್_45 (ಕಲಬುರಗಿ)
ಅಗ್ಗದ 180 ಗ್ರಾಂ ಯಾಕ ಅಗ್ಗ ಅಂಬೋದು ಯಾರೂ ಹೇಳ್ಲಿಲ್ಲ. ಯುರೋಪಿನಾಗ 1962ರ ತನಕ ಬಿಡುಗಡೆ ಆದ ರೆಕಾರ್ಡಿಂಗುಗಳ ಹಕ್ಕು 50 ವರ್ಷಕ್ಕ ಮುಗದು ಹೋಗ್ಯಾದ. ಆಮ್ಯಾಲ ಕಾಯ್ದಾ 70 ವರ್ಷಕ್ಕ ಏರಿಸಿದ್ರೂ ಮುಗದದ್ದು ತಿರುಗಿ ಬರ್ಲಿಲ್ಲ. ಹಿಂಗಾಗಿ ಅಲ್ಲಿ ಯಾರು ಬೇಕಾದ್ರೂ 'ಸೋಲ್ ಸ್ಟೇಷನ್' ಒತ್ತಬಹುದು, ಕಾಯ್ದಾಬದ್ಧನೇ. ಆದ್ರ ಅವರ ಹಂತ್ಯಾಕ ಮಾಸ್ಟರ್ ಟೇಪ್ ಇರಲ್ಲ. ಸಿಡಿಯಿಂದಾನೋ ಹಳೇ ಎಲ್‌ಪಿಯಿಂದಾನೋ ತಗದಿರ್ತಾರ.

ಗುರುತು ಹಿಡಿಯೋದು ಸರಳ. ಮೂಲ ಎಲ್‌ಪಿಯಾಗ ಇಲ್ದ 'ಬೋನಸ್ ಟ್ರ್ಯಾಕ್' ಇರ್ತದ. ಮುಖಪುಟದ ಫೋಟೊನೋ ಬಣ್ಣನೋ ಬದಲಾಗಿರ್ತದ. ಟೇಪು ಯಾವುದು, ಕತ್ತರಿಸಿದವ್ರು ಯಾರು, ಒಂದು ಅಕ್ಷರ ಇರಲ್ಲ. ಎಲ್‌ಪಿಯಾಗ ಬೋನಸ್ ತುರುಕಿದ್ರ ಇನ್ನೊಂದು ಹಾನಿ: ಬದಿ 25 ನಿಮಿಷ ದಾಟಿದ್ರ ಗ್ರೂವ್ ಒತ್ತೊತ್ತಾಗಿ ಕೂಡಿಸ್ಬೇಕು, ಸದ್ದು ತಗ್ಗಿಸಿ ಕತ್ತರಿಸ್ಬೇಕು, ಒಳಗಿನ ಹಾಡು ಮಂದ ಆಗ್ತದ.

ನೌಬಾದ್_ಕೀಸ್ (ಬೀದರ್)
ಇವಾನ್ಸ್ ಬಗ್ಗೆ ಒಂದು ಮಾತು. 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್' ಮತ್ತು 'ವಾಲ್ಟ್ಜ್ ಫಾರ್ ಡೆಬಿ' ಎರಡೂ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನ, 1961ರ ಜೂನ್ 25ರ ಒಂದೇ ದಿನದ ಕಛೇರಿಗಳಿಂದ ಆರಿಸಿದ್ದು. ಬಾಸ್ ನುಡಿಸಿದ ಸ್ಕಾಟ್ ಲಫಾರೋ ಜುಲೈ 6ಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡ. ಮೊದಲ ಎಲ್‌ಪಿಗೆ ಅವನ ಬಾಸ್ ಎದ್ದು ಕಾಣುವ ತುಣುಕುಗಳನ್ನೇ ಆರಿಸಿದರು. ಹಾಗಾಗಿ ಬಾಸ್ ಕೇಳಬೇಕೆಂದರೆ 'ಸಂಡೇ', ಪಿಯಾನೊ ಕೇಳಬೇಕೆಂದರೆ 'ಡೆಬಿ'. ನನ್ನ ಮತ 'ಡೆಬಿ'ಗೇ.

ಗ್ಲಾಸಿನ ಟಣ್ ಟಣ್, ಗಿರಾಕಿಗಳ ಹರಟೆ, ನಗು ಎಲ್ಲ ಟೇಪಿನಲ್ಲೇ ಇವೆ. ಎಲ್‌ಪಿ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಅವತ್ತಿನ ಮೊದಲ ಹಾಡಿನ ನಡುವೆ ಕರೆಂಟ್ ಕೈ ಕೊಟ್ಟು ಟೇಪು ಹಾಳಾಯಿತು. 2005ರ ಸಂಪೂರ್ಣ ಸಂಪುಟದಲ್ಲಿ ಅದನ್ನೂ ಹಾಗೇ ಸೇರಿಸಿದ್ದಾರೆ.

ತೊಗರಿ_ಟೆನರ್ (ಕಲಬುರಗಿ)
ನ್ಯೂಯಾರ್ಕಿನಾಗೂ ಜೆಸ್ಕಾಂ ಇತ್ತೇನ್ರಿ ಅಕ್ಕಾ 😀

ಬಹಮನಿ_ಬಾಸ್ (ಕಲಬುರಗಿ)
ಕರೆಂಟ್ ಮಾತು ಬಂತು ಅಂದ್ರ ಹೇಳೇ ಬಿಡ್ತೀನಿ. ಇನ್ವರ್ಟರ್ ಮ್ಯಾಲ ಕೇಳೋದಿದ್ರ ಪ್ಯೂರ್ ಸೈನ್ ವೇವ್ ಇರ್ಬೇಕು. ಅಗ್ಗದ ಸ್ಕ್ವೇರ್ ವೇವ್‌ದಾಗ ಫೋನೊ ಆಂಪ್ (ಸೂಜಿಯ ಸಣ್ಣ ಸಿಗ್ನಲ್ ಹಿಗ್ಗಿಸೋದು) ಗುರ್ರ್ ಅಂತದ. ಸೈನ್ ವೇವ್ ಇದ್ರೂ ಗುಂಯ್ ಅಂದ್ರ ಗ್ರೌಂಡ್ ತಂತಿ ನೋಡ್ರಿ: ಟರ್ನ್‌ಟೇಬಲ್ಲಿನ ಹಿಂದಿನ ತೆಳು ತಂತಿ ಫೋನೊ ಆಂಪಿನ ತಿರುಪಿಗೆ ಬಿಗಿಯಾಗಿ ಕೂಡಬೇಕು. ಅದಾದ ಮ್ಯಾಲೂ ಹೋಗ್ಲಿಲ್ಲಂದ್ರ ಮನಿ ಅರ್ಥಿಂಗೇ ಸರಿ ಇಲ್ಲ.

ಶಾಬಾದ್_ಫರ್ಸಿ (ಶಹಾಬಾದ್)
ಬಿಸಿಲಿನ ಪ್ರಶ್ನಕ್ಕ ಉತ್ತರ. ಎಲ್‌ಪಿ ಪಿವಿಸಿದು. 60 ಡಿಗ್ರಿ ಹತ್ರ ಹೋದ್ರ ಮೆತ್ತಗಾಗಿ ತನ್ನ ಭಾರಕ್ಕೇ ಬಾಗ್ತದ. ಹೊರಗ 43 ಅಂದ್ರ ಖೋಲ್ಯಾಗ ಸೊಟ್ಟ ಆಗಲ್ಲ. ಆದ್ರ ಬಿಸಿಲಿಗೆ ನಿಂತ ಕಾರಿನಾಗ, ತಗಡಿನ ಕೆಳಗ, ಪಡುವಣ ಗ್ವಾಡಿಗಿ ಹಚ್ಚಿದ ಕಬ್ಬಿಣದ ಕಪಾಟಿನಾಗ ಆ ಲೆಕ್ಕ ಬ್ಯಾರೆ. ಕಪಾಟು ಒಳಗಿನ ಗ್ವಾಡಿ ಕಡಿ ಇಡ್ರಿ, ಕಟ್ಟಿಗಿದು ಇದ್ರ ಛಲೋ. ಎಲ್‌ಪಿ ನೆಟ್ಟಗ ನಿಂದ್ರಿಸ್ರಿ. ವಾಲಿಸಿ ಇಟ್ರ ಬಾಗ್ತಾವ, ಒಂದ್ರ ಮ್ಯಾಲ ಒಂದು ಪೇರಿಸಿದ್ರ ಕೆಳಗಿನವು ಬಟ್ಟಲ ಆಗ್ತಾವ. ಭಾಳ ಬಿಗಿಯಾಗಿ ತುರುಕಬ್ಯಾಡ್ರಿ, ಭಾಳ ಸಡ್ಲನೂ ಬ್ಯಾಡ.

ಖರೇ ಹಾನಿ ಆಗೋದು ಪಾರ್ಸೆಲ್ ದಾರ್ಯಾಗ. ಮಾರ್ಚ್ ಕಡೀಗಿಂದ ಜೂನ್ ನಡುವಿನ ತನಕ ಏನೂ ತರಸಬ್ಯಾಡ್ರಿ. ಮೃಗಶಿರಾ ಮಳಿ ಬಿದ್ದ ಮ್ಯಾಲ ಆರ್ಡರ್ ಹಾಕ್ರಿ.

ಗುಂಪಾ_ಗುರು (ಬೀದರ್)
ಬೀದರಿನವರಿಗೆ ಒಂದಷ್ಟು ರಿಯಾಯಿತಿ. ನಾವು ಸುಮಾರು 700 ಮೀಟರ್ ಎತ್ತರದಲ್ಲಿದ್ದೇವೆ, ಕಲಬುರಗಿಗಿಂತ ಎರಡು ಮೂರು ಡಿಗ್ರಿ ತಂಪು.

ಭೀಮಾ_ತೀರ (ಯಾದಗಿರಿ)
ಯಾದಗಿರಿಯವ್ರು ಸಿಡಿನೇ ಕೇಳ್ಬೇಕು ಅಂತ ಒಪ್ಕೊಂಡಂಗಾಯ್ತು.

ರಾಘಾಪುರ_ರಿದಮ್ (ಕಲಬುರಗಿ)
ಶಾಬಾದ್ ಅಣ್ಣಾ, ನಿಮ್ಮ ಊರಿನ ಕಲ್ಲಿನ ಬಗ್ಗೆ ಹೇಳ್ಲೇ ಇಲ್ಲ? ಟರ್ನ್‌ಟೇಬಲ್ ಕೆಳಗ ಇಡ್ಲಿಕ್ಕ ಹೊರಗಿನವ್ರು ಸಾವಿರಗಟ್ಟಲೆ ಕೊಟ್ಟು ಗ್ರಾನೈಟ್ ಚಪ್ಪಡಿ ತರಸ್ತಾರ. ನಮ್ಮಲ್ಲಿ ಫರ್ಸಿ ಬೇಕಾದಷ್ಟು.

ಶಾಬಾದ್_ಫರ್ಸಿ (ಶಹಾಬಾದ್)
ಹೇಳ್ತೀನಿ, ಆದ್ರ ಬರೇ ಕಲ್ಲು ಇಟ್ರ ಉಪಯೋಗ ಇಲ್ಲ. 45 × 35 ಸೆಂ.ಮೀ., 3 ಸೆಂ.ಮೀ. ದಪ್ಪದ ಪಾಲಿಶ್ ಫರ್ಸಿ ಕತ್ತರಿಸಿಕೋರಿ. ತೂಕ 12 ಕಿಲೊ ಆಸುಪಾಸು ಬರ್ತದ. ಬೆಟ್ಟಿಲೆ ತಟ್ಟಿ ನೋಡ್ರಿ, ಠಣ್ ಅಂತದ. ಆ ಠಣ್ ಸೂಜಿಗೂ ಕೇಳ್ತದ. ಅದಕ್ಕ ಕಲ್ಲಿನ ಕೆಳಗ ನಾಕು ಮೂಲಿಗೆ ಮೆತ್ತನ್ನ ರಬ್ಬರ್ ತುಂಡು ಕೊಡ್ರಿ, ಹಳೇ ಲಾರಿ ಟ್ಯೂಬ್ ಎರಡು ಪದರ ಮಡಚಿದ್ರೂ ನಡೀತದ. ಕಲ್ಲಿಗೂ ಟರ್ನ್‌ಟೇಬಲ್ಲಿಗೂ ನಡುವ ಏನೂ ಬ್ಯಾಡ, ಅದರ ಕಾಲೇ ಸಾಕು. ಆಮ್ಯಾಲ ರಸಮಟ್ಟ ಇಟ್ಟು ಎರಡೂ ದಿಕ್ಕಿನಾಗ ಮಟ್ಟ ನೋಡ್ರಿ.

ನಮ್ಮ ನೆಲಾ ಎಲ್ಲಾ ಗಟ್ಟಿ, ಅಮೆರಿಕದವರ ಹಲಿಗಿ ನೆಲದಂಗ ನಡದ್ರ ಅಲುಗಲ್ಲ. ಇಲ್ಲಿ ತೊಂದ್ರಿ ಕೊಡೋದು ಸ್ಪೀಕರಿನ ಬಾಸು. ಸ್ಪೀಕರು ಟರ್ನ್‌ಟೇಬಲ್ಲು ಒಂದೇ ಮೇಜಿನ ಮ್ಯಾಲ ಇಟ್ರ 12 ಕಿಲೊ ಅಲ್ಲ, 50 ಕಿಲೊ ಕಲ್ಲು ಇಟ್ರೂ ಆಗಲ್ಲ.

ಗುಂಪಾ_ಗುರು (ಬೀದರ್)
ಜೊತೆಗೆ ಕಾರ್ಟ್ರಿಜ್. ವಿಎಂ95ಇಗೆ 2.0 ಗ್ರಾಂ ಭಾರ, 1.8ರಿಂದ 2.2ರೊಳಗೆ. ಆಂಟಿಸ್ಕೇಟ್ (ತೋಳು ಒಳಕ್ಕೆ ಎಳೆಯುವುದನ್ನು ತಡೆಯುವ ಡಯಲ್) ಸೊನ್ನೆಗೆ ಇಟ್ಟು, ತೋಳು ಗಾಳಿಯಲ್ಲಿ ಸಮನಾಗಿ ತೇಲುವವರೆಗೆ ಹಿಂದಿನ ತೂಕ ತಿರುಗಿಸಿ, ಅಲ್ಲಿ ತೂಕದ ಮೇಲಿನ ಅಂಕಿಯ ಡಯಲನ್ನು ಮಾತ್ರ ಸೊನ್ನೆಗೆ ತಂದು, ಆಮೇಲೆ ತೂಕವನ್ನೇ 2.0ಕ್ಕೆ ತಿರುಗಿಸಿ. ಆಂಟಿಸ್ಕೇಟ್ 2ಕ್ಕೆ ಇಡಿ. ಪ್ರೊಟ್ರ್ಯಾಕ್ಟರಿನಲ್ಲಿ (ಕಾರ್ಟ್ರಿಜ್ ಕೋನ ನೋಡುವ ಅಳತೆ ಹಾಳೆ) 66.0 ಮತ್ತು 120.9 ಮಿ.ಮೀ. ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ನೇರ ಕೂರಬೇಕು. ಭಾರ ಕಮ್ಮಿ ಇಟ್ಟರೆ ಎಲ್‌ಪಿ ಸವೆಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಕಮ್ಮಿ ಭಾರದಲ್ಲಿ ಸೂಜಿ ಗ್ರೂವಿನಲ್ಲಿ ಕುಣಿದು ಗೋಡೆಯನ್ನೇ ಕೆತ್ತುತ್ತದೆ. ಟ್ರಂಪೆಟ್ ಏರುವಾಗ ಚರ್ರ್ ಅಂದರೆ ಮೊದಲು ಅದನ್ನೇ ನೋಡಿ.

ತೊಳೆಯುವುದಕ್ಕೆ ನಳದ ನೀರು ಬೇಡವೇ ಬೇಡ, ನಮ್ಮ ನೀರಿನ ಸುಣ್ಣ ಗ್ರೂವಿನಲ್ಲಿ ಒಣಗಿ ಕೂರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ಅಂಗಡಿಯವನು ಆಸಿಡ್ ಕ್ಯಾನ್ ಕೊಡದಂತೆ ನೋಡಿಕೊಳ್ಳಿ. ಜಿಡ್ಡು ಇದ್ದರೆ ಹತ್ತು ಪಾಲು ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್. ಮನೆಯಲ್ಲಿ ಅಜ್ಜನ ಕಾಲದ 78 ತಟ್ಟೆಗಳಿದ್ದರೆ ಅವಕ್ಕೆ ಆಲ್ಕೋಹಾಲ್ ಮುಟ್ಟಿಸಬೇಡಿ. ಅವು ಅರಗಿನವು, ಕರಗುತ್ತವೆ.

ಜಗತ್_ಸರ್ಕಲ್_45 (ಕಲಬುರಗಿ)
'ಪೂರಾ ಅನಲಾಗ್' ಅಂತ ಹೇಳೋವ್ರಿಗೆ ಒಂದು ಪ್ರಶ್ನಾ. 2022ರಾಗ ಮೊಬೈಲ್ ಫಿಡೆಲಿಟಿ ಅಂಬೋ ರೀಇಶ್ಯೂ ಕಂಪನಿದವರ ಭಾಳಷ್ಟು ಎಲ್‌ಪಿ ನಡುವ ಡಿಎಸ್‌ಡಿ ಡಿಜಿಟಲ್ ಹಂತ ದಾಟಿ ಬಂದಾವ ಅಂತ ಹೊರಗ ಬಿತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಅವನ್ನೇ 'ಅನಲಾಗಿನ ಸುಖಾ ನೋಡ್ರಿ' ಅಂತ ಹೊಗಳಿದವ್ರು ಎಷ್ಟು ಮಂದಿ? ಒಬ್ಬರ ಕಿವಿಗೂ ಗೊತ್ತಾಗ್ಲಿಲ್ಲ.

ಬಹಮನಿ_ಬಾಸ್ (ಕಲಬುರಗಿ)
ಕಿವಿಗೆ ಗೊತ್ತಾಗ್ಲಿಲ್ಲ ಅಂಬೋದು ಒಂದು, ಗಿರಾಕಿಗಿ ಹೇಳ್ಲಿಲ್ಲ ಅಂಬೋದು ಇನ್ನೊಂದು. ಜಗಳಾ ಎರಡನೇದ್ರ ಮ್ಯಾಲ ಆಗಿದ್ದು.

ಭೀಮಾ_ತೀರ (ಯಾದಗಿರಿ)
ಅಂದ್ರ ಡಿಜಿಟಲ್ ಛಲೋ ಅದ ಅಂತ ಆಯ್ತಲ್ಲ. ಬರ್ರಿ ನಮ್ಮ ಕಡಿ.

ನೌಬಾದ್_ಕೀಸ್ (ಬೀದರ್)
ಕಾಕಾ, ನೀವು ಸಿಡಿ ಸಿಡಿ ಅಂತೀರಿ, ಸಿಡಿಯಲ್ಲೂ ಯಾವುದು ಅಂತ ಹೇಳಬೇಕಲ್ಲ. ಬ್ಲೂ ನೋಟ್ ರೆಕಾರ್ಡಿಂಗ್ ಇಂಜಿನಿಯರ್ ರೂಡಿ ವಾನ್ ಗೆಲ್ಡರ್ ತಾನೇ 1990ರ ದಶಕದ ಕೊನೆಯಿಂದ ಮರುಮಾಸ್ಟರ್ ಮಾಡಿದ 'ಆರ್‌ವಿಜಿ ಎಡಿಷನ್' ಬ್ಲೂ ನೋಟ್ ಸಿಡಿಗಳು ಸದ್ದು ಜಾಸ್ತಿ, ಸ್ಟೀರಿಯೊ ಹರವು ಕಿರಿದು. ಆತ ಮೂಲದಲ್ಲಿ ಮೊನೊ ಕೇಳಿಕೊಂಡೇ ಬ್ಯಾಲೆನ್ಸ್ ಮಾಡಿದವನು, ಕಿರಿದು ಮಾಡಿದ್ದಕ್ಕೆ ಅವನಿಗೆ ಅವನದೇ ಕಾರಣ ಇರಬಹುದು. ಸಿಂಬಲ್ ಮಾತ್ರ ಹೆಡ್‌ಫೋನಿನಲ್ಲಿ ಚುಚ್ಚುತ್ತದೆ.

ಸಿಡಿಯೇ ಗೆಲ್ಲುವ ಜಾಗ ಒಂದಿದೆ: ಎಲಿಂಗ್ಟನ್ನನ 1956ರ ನ್ಯೂಪೋರ್ಟ್ ಕಛೇರಿ. ಆಗಿನ ಎಲ್‌ಪಿಯಲ್ಲಿ ಬಹಳ ಭಾಗ ಆಮೇಲೆ ಸ್ಟುಡಿಯೋದಲ್ಲಿ ನುಡಿಸಿ, ಚಪ್ಪಾಳೆ ಮೇಲಿನಿಂದ ಸುರಿದದ್ದು. ಪೌಲ್ ಗೊನ್ಸಾಲ್ವೆಸ್ 27 ಆವರ್ತ ಸೋಲೊ ಹೊಡೆದನಲ್ಲ, ಅದನ್ನು ಆತ ಎಲ್‌ಪಿ ಕಂಪನಿ ಕೊಲಂಬಿಯಾದ ಮೈಕ್ ಬಿಟ್ಟು ವಾಯ್ಸ್ ಆಫ್ ಅಮೆರಿಕಾ ರೇಡಿಯೊದ ಮೈಕಿಗೆ ನುಡಿಸಿದ್ದ. ಹಾಗಾಗಿ ಎಲ್‌ಪಿಯಲ್ಲಿ ಸ್ಯಾಕ್ಸ್ ದೂರ ಕೇಳುತ್ತದೆ. 1999ರ ಎರಡು ಸಿಡಿಯ ಆವೃತ್ತಿಯಲ್ಲಿ ಎರಡೂ ಟೇಪುಗಳನ್ನು ಜೋಡಿಸಿ ನಿಜವಾದ ಕಛೇರಿಯನ್ನು ಸ್ಟೀರಿಯೊದಲ್ಲಿ ಕೊಟ್ಟರು.

ಭೀಮಾ_ತೀರ (ಯಾದಗಿರಿ)
ಅಕ್ಕಾರಿಗೆ ಶರಣು.

ರಾಘಾಪುರ_ರಿದಮ್ (ಕಲಬುರಗಿ)
'ಎ ಲವ್ ಸುಪ್ರೀಮ್' ಯಾರೂ ಮುಟ್ಲಿಲ್ಲ. 1964ರ ಡಿಸೆಂಬರ್ 9, ವಾನ್ ಗೆಲ್ಡರ್ ಸ್ಟುಡಿಯೋ. ಅಕೌಸ್ಟಿಕ್ ಸೌಂಡ್ಸ್ ಸರಣಿದು ತಗೋರಿ, ರಾಯನ್ ಸ್ಮಿತ್ ಮಾಸ್ಟರ್ ಮಾಡಿದ್ದು. ಜಾಕೆಟ್ ಒಳಗ ಕೋಲ್ಟ್ರೇನ್ ಬರೆದ ಪ್ರಾರ್ಥನಾ ಅದ. ಕಡೀ ಭಾಗ 'ಸಾಮ್' (ಅಂದ್ರ ಸ್ತೋತ್ರ) ಹಚ್ಚಿ ಅದನ್ನ ಮುಂದ ಹಿಡ್ಕೋರಿ. ಸ್ಯಾಕ್ಸು ಆ ಪದಗಳನ್ನೇ ಉಚ್ಚಾರ ಹಿಡಿದು ನುಡಿಸ್ತದ. ತಾಳ ಇಲ್ದ ವಚನ ಹಾಡಿದಂಗ.

ಗುಂಪಾ_ಗುರು (ಬೀದರ್)
ವಚನಕ್ಕೆ ಎಳೆದು ಕಟ್ಟಬೇಡಿ. ಅದರ ಬೇರು ಕರಿಯರ ಚರ್ಚಿನ ಉಪದೇಶದ ಧಾಟಿಯಲ್ಲಿದೆ. ಮೊದಲ ಭಾಗದ ಕೊನೆಗೆ ನಾಲ್ಕು ಸ್ವರದ ತುಣುಕನ್ನು ಹನ್ನೆರಡೂ ಶ್ರುತಿಗೆ ಏರಿಳಿಸುತ್ತಾನೆ, ಕೇಳಿ. ಒಂದು ಸಾ ಹಿಡಿದು ಕೂರುವ ನಮ್ಮ ಪದ್ಧತಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ರಾಘಾಪುರ_ರಿದಮ್ (ಕಲಬುರಗಿ)
ಗುರುಗಳೆ, ಮಗನಿಗೆ ರವಿಶಂಕರರ ಹೆಸರಿಟ್ಟವ ಕೋಲ್ಟ್ರೇನ್. 1961ಕ್ಕೇ ವ್ಯಾನ್‌ಗಾರ್ಡ್ ಕ್ಲಬ್ಬಿನಾಗ 'ಇಂಡಿಯಾ' ಅಂತ ಎರಡು ಬಾಸ್ ಇಟ್ಟು ತಂಬೂರಿ ಥರ ನುಡಿಸ್ಯಾನ. ಏನೂ ಸಂಬಂಧ ಇಲ್ಲ ಅಂದ್ರ ಹ್ಯಾಂಗ?

ಗುಂಪಾ_ಗುರು (ಬೀದರ್)
'ಇಂಡಿಯಾ' ಒಪ್ಪಿದೆ. 'ಸಾಮ್' ಒಪ್ಪುವುದಿಲ್ಲ.

ಜಗತ್_ಸರ್ಕಲ್_45 (ಕಲಬುರಗಿ)
ನಮ್ಮ ಕಡಿ ಸಂಬಂಧ ಬೇಕಂದ್ರ ಚಾರ್ಲಿ ಮಾರಿಯಾನೊನ 'ಜ್ಯೋತಿ' ಕೇಳ್ರಿ, 1983, ಇಸಿಎಂ ಲೇಬಲ್. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೋಡಿ, ಆರ್.ಎ. ರಮಾಮಣಿ ಹಾಡ್ಯಾರ, ಟಿ.ಎ.ಎಸ್. ಮಣಿ ಮೃದಂಗ. ಸ್ಯಾಕ್ಸು ಎಲ್ಲೂ ಮ್ಯಾಲ ಬಿದ್ದು ಒದರಾಡಲ್ಲ. ಕದ್ರಿ ಗೋಪಾಲನಾಥರು ರುದ್ರೇಶ್ ಮಹಾಂತಪ್ಪ ಜೋಡಿ ನುಡಿಸಿದ 'ಕಿನ್ಸ್‌ಮೆನ್' (2008) ಅದಕ್ಕಿಂತ ಬಿರುಸು, ಎರಡು ಆಲ್ಟೊ ಎದುರಾಬದುರಾ. ಹೆಡ್‌ಫೋನಿನಾಗ ಯಾವುದು ಯಾರದು ಅಂತ ಗಮಕದಿಂದಲೇ ಹಿಡೀಬಹುದು.

ತೊಗರಿ_ಟೆನರ್ (ಕಲಬುರಗಿ)
ಭಾಳ ಉಪಕಾರ ಆಯ್ತ್ರಿ. ಹಂಗಾದ್ರ: ದುರಸ್ತಿ ಆದ 'ಕೈಂಡ್ ಆಫ್ ಬ್ಲೂ', ಅಕೌಸ್ಟಿಕ್ ಸೌಂಡ್ಸ್ ಕೋಲ್ಟ್ರೇನ್, ಮೊನೊ ರಾಲಿನ್ಸ್, ಒಜೆಸಿ ಇವಾನ್ಸ್. 'ಸೋಲ್ ಸ್ಟೇಷನ್' ಬ್ಲೂ ನೋಟ್‌ದವರದೇ ಸಿಗೋ ತನಕ ಕಾಯ್ತೀನಿ.

ಬಹಮನಿ_ಬಾಸ್ (ಕಲಬುರಗಿ)
ಮೋಬ್ಲಿ ಬಿಟ್ಟು ಎರಿಕ್ ಡಾಲ್ಫಿ 'ಔಟ್ ಟು ಲಂಚ್' ತಗೋ ತಮ್ಮಾ. 1964ರ ಫೆಬ್ರವರಿ 25. ಡ್ರಮ್ಮಿನ ಟೋನಿ ವಿಲಿಯಮ್ಸನಿಗೆ 18 ವರ್ಷ.

ನೌಬಾದ್_ಕೀಸ್ (ಬೀದರ್)
ಮೊದಲ ಐದರಲ್ಲಿ ಡಾಲ್ಫಿಯಾ? ಹುಡುಗ ಟರ್ನ್‌ಟೇಬಲ್ ಮಾರಿಬಿಡುತ್ತಾನೆ. ಮೋಬ್ಲಿನೇ ಇರಲಿ. ವಿಂಟನ್ ಕೆಲಿ, ಪೌಲ್ ಚೇಂಬರ್ಸ್, ಆರ್ಟ್ ಬ್ಲೇಕಿ ಹಿಂದೆ ಕೂತಾಗ ಟೆನರ್ ಹೇಗೆ ಸಾವಕಾಶ ಹೋಗುತ್ತದೆ ಅಂತ ಅದರಲ್ಲೇ ಕೇಳಬೇಕು.

ಬಹಮನಿ_ಬಾಸ್ (ಕಲಬುರಗಿ)
ಸಾವಕಾಶ ಭಾಳ ಆಗಿ ನಿದ್ದಿ ಬರ್ತದ್ರಿ ಅಕ್ಕಾ. ಡಾಲ್ಫಿಯಾಗ ಪಿಯಾನೊನೇ ಇಲ್ಲ, ಬಾಬಿ ಹಚರ್ಸನ್ನನ ವೈಬ್ಸ್ (ಲೋಹದ ಪಟ್ಟಿ ಬಡಿಯೋ ವಾದ್ಯ). ಕೆವಿನ್ ಗ್ರೇ ಕತ್ತರಿಸಿದ್ದು ಸಿಕ್ರ ಆ ಲೋಹದ ಗುಂಗು ಖೋಲಿ ತುಂಬ್ತದ.

ನೌಬಾದ್_ಕೀಸ್ (ಬೀದರ್)
ಪಿಯಾನೊ ಇಲ್ಲದ್ದಕ್ಕೇ ನನ್ನ ಓಟು ಇಲ್ಲ.